ಯಂಕವ್ವನ ಹಲಗೆಯ ಗಂಗಾಳ

ಯಂಕವ್ವನ ಅಡುಗೆಮನೆಯಲ್ಲಿ ಉಪ್ಪಿನ ಗಡಿಗೆ ಎಲ್ಲಿದೆ ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಒಲೆಯ ಎಡಕ್ಕೆ, ಗೋಡೆಗೆ ಒತ್ತಿ. ಅದರ ಹಿಂದೆ ಸಕ್ಕರೆಯ ಡಬ್ಬಿ. ಆ ಡಬ್ಬಿಯ ಮುಚ್ಚಳ ಅದರದಲ್ಲ, ಬೇರೆ ಯಾವುದರದೋ, ಅದಕ್ಕೇ ಸೊಟ್ಟ ಕೂಡುತ್ತದೆ. ನಮ್ಮ ಮನೆಯ ಉಪ್ಪು ಎಲ್ಲಿದೆ ಎಂದು ಕೇಳಿದರೆ ಮಾತ್ರ ಎದ್ದು ಹೋಗಿ ಹುಡುಕಬೇಕು. ಸೊಸೆ ಅಮೃತಾ ಇದಕ್ಕೆ ನಗುತ್ತಾಳೆ. ಒಮ್ಮೆ ಮನೆಯೆಲ್ಲ ಹುಡುಕಿ ಸಾಕಾಗಿ ಬಂದು, “ನಮ್ಮ ಜರಡಿ ಎಲ್ಲೈತಿ ಅಂತ ನಿಮ್ಮನ್ನ ಕೇಳಾಂಗಿಲ್ಲ ಬಿಡ್ರಿ ಅತ್ತಿ. ಸಣ್ಣತ್ತಿ ಮನ್ಯಾಗಿಂದು ಎಲ್ಲೈತಿ ಹೇಳ್ರಿ, ಅದನ್ನ ತರ್ತೀನಿ,” ಅಂದಳು. ಕಿಟಕಿಯ ಸರಳಿಗೆ ಸಿಕ್ಕಿಸ್ಯಾರ ನೋಡು ಅಂತ ನಾನು ಕೂಡಲೇ ಹೇಳಿದೆ. ಹೇಳಿದ ಮೇಲೆ ಆಕೆ ಸೆರಗು ಬಾಯಿಗೆ ಒತ್ತಿಕೊಂಡದ್ದು ಕಂಡಿತು.

ಯಂಕವ್ವ ನನ್ನ ನೆಗೆಣ್ಣಿ. ನನ್ನ ಗಂಡ ಹಿರಿಯ, ಆಕೆಯ ಗಂಡ ಓಬಳೆಪ್ಪ ಕಿರಿಯ. ಇಬ್ಬರೂ ಈಗಿಲ್ಲ. ನಮ್ಮೂರು ಮರಳಿಯಲ್ಲಿ ನಮ್ಮವು ಎದುರುಬದುರು ಮನೆಗಳು, ನಡುವೆ ಒಂದೇ ಅಂಗಳ. ನಮ್ಮ ಕಟ್ಟೆಯ ಮೇಲೆ ಕುಳಿತರೆ ಆಕೆಯ ಪಡಸಾಲೆ, ಪಡಸಾಲೆಯ ಗೋಡೆಗೆ ಹೊಡೆದ ಉದ್ದನೆಯ ಹಲಗೆ, ಹಲಗೆಯ ಮೇಲಿನ ಪಾತ್ರೆ ಭಾಂಡೆ ಎಲ್ಲ ಕಾಣುತ್ತವೆ. ಆ ಭಾಂಡೆಗಳ ನಡುವೆ, ಗೋಡೆಗೆ ಆನಿಸಿ ನಿಲ್ಲಿಸಿದ ಒಂದು ಕಂಚಿನ ಗಂಗಾಳ ಇತ್ತು. ಅತ್ತೆ ಉಣ್ಣುತ್ತಿದ್ದ ಗಂಗಾಳ. ಅಗಲ ಬಾಯಿ, ಗೇಣರ್ಧ ಅಂಚು, ಅಂಚಿನ ಸುತ್ತ ಸಣ್ಣ ಬಳ್ಳಿ ಕೊರೆದದ್ದು. ಬಳ್ಳಿ ಒಂದು ಕಡೆ ಸವೆದು ಮಾಯವಾಗಿ ಎರಡು ಬೆರಳಿನಾಚೆ ಮತ್ತೆ ಹುಟ್ಟುತ್ತದೆ. ಬೆಳಗಿನ ಎಂಟು ಗಂಟೆಯ ಬಿಸಿಲು ಆಕೆಯ ಹೊಸ್ತಿಲು ದಾಟಿದಾಗ ಅದಕ್ಕೆ ತಾಗುತ್ತಿತ್ತು. ನನಗೂ ತಾಗುತ್ತಿತ್ತು.

ಅದು ನನ್ನದಾಗಬೇಕಿತ್ತು. ಆಗದಿದ್ದುದು ನನ್ನ ತಪ್ಪಿನಿಂದಲೇ ಎಂಬುದು ಇನ್ನೂ ಸುಡುವ ಸಂಗತಿ.

ನಾವು ಬೇರೆಯಾದದ್ದು ಮೂವತ್ತೆಂಟು ವರ್ಷದ ಹಿಂದೆ. ಹೊಲದ ಪಾಲನ್ನು ಹಿರಿಯರು ಮಾಡಿದರು. ಭಾಂಡೆಯ ಪಾಲಿಗೆ ಬೇರೆಯವರು ಕೈಹಚ್ಚಬಾರದು ಅಂತ ಅತ್ತೆ ತಾನೇ ಮುಂದಾದಳು. ಅಂಗಳದಲ್ಲಿ ಎರಡು ಕೌದಿ ಹಾಸಿ, ಎರಡು ರಾಶಿ ಮಾಡಿದಳು. ಮನೆಯ ಹಿರೇ ಸೊಸೆ ಮೊದಲು ಆರಿಸಿಕೊಳ್ಳಬೇಕು, ಉಳಿದದ್ದು ಕಿರಿಯಳಿಗೆ, ಆಮೇಲೆ ಯಾರೂ ತುಟಿ ಬಿಚ್ಚಬಾರದು ಅಂದಳು. ನನ್ನ ಕಣ್ಣು ಬಲಗಡೆಯ ರಾಶಿಯ ತಾಮ್ರದ ಹಂಡೆಯ ಮೇಲೆ ಹೋಗಿ ಅಲ್ಲೇ ಅಂಟಿತು. ಎರಡು ಕೊಡ ನೀರು ಹಿಡಿಯುವ ಹಂಡೆ. ಅದರ ಪಕ್ಕಕ್ಕೆ ಒಂದು ಕೊಪ್ಪರಿಗೆ, ಒಂದು ಹಿತ್ತಾಳೆಯ ಗಂಗಾಳ. ಎಡಗಡೆಯ ರಾಶಿಯನ್ನು ನೋಡಲಿಲ್ಲ ಅಂತಲ್ಲ, ನೋಡಿದೆ. ಅಗಲದ ಪರಾತವೊಂದು ಮೇಲಿತ್ತು, ಅದರ ಕೆಳಗಿಂದ ಬಳ್ಳಿ ಕೊರೆದ ಅಂಚು ನಾಲ್ಕು ಬೆರಳಷ್ಟು ಹೊರಗೆ ಇಣುಕಿತ್ತು. ದಿನಾ ಅದರಲ್ಲಿ ಅತ್ತೆಗೆ ಉಣ್ಣಲು ನೀಡಿದವಳು ನಾನು, ತೊಳೆದಿಟ್ಟವಳು ನಾನು. ಆದರೂ ಕಣ್ಣಿಗೆ ಬಿದ್ದದ್ದು ಮನಸ್ಸಿಗೆ ಬೀಳಲಿಲ್ಲ. ಬಲಗಡೆಯದು ನನಗಿರಲಿ ಅಂದುಬಿಟ್ಟೆ. ಯಂಕವ್ವ ಹೋಗಿ ಪರಾತ ಎತ್ತಿದಳು. ಗಂಗಾಳ ಅಲ್ಲಿ ಮಲಗಿತ್ತು.

ಅತ್ತೆ ನನ್ನ ಮುಖ ನೋಡಿದಳು. ನಾನು ತುಟಿ ಬಿಚ್ಚಲಿಲ್ಲ.

ಅಂದಿನಿಂದ ನನ್ನ ಕಣ್ಣು ಸುಮ್ಮನಿರದಾದವು. ಒಮ್ಮೆ ತಪ್ಪಿದ್ದೆನಲ್ಲ, ಇನ್ನು ಯಾವುದೂ ತಪ್ಪಬಾರದು ಅಂತ. ಹೆಪ್ಪಿಗೆ ಮೊಸರು ಬೇಕು ಅಂತ ಹೋಗುತ್ತಿದ್ದೆ, ಕರಿಬೇವು ಅಂತ ಹೋಗುತ್ತಿದ್ದೆ. ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತರೆ ಬಾಯಿ ಊರ ಸುದ್ದಿ ಆಡುತ್ತಿತ್ತು, ಕಣ್ಣು ಒಂದೊಂದೇ ಸಾಮಾನಿನ ಮೇಲೆ ಇಳಿದು, ನಿಂತು, ಮುಂದಕ್ಕೆ ಹೋಗುತ್ತಿತ್ತು. ಹೊಸ ಸೌಟು ಬಂದರೆ ಅದೇ ದಿನ ಗೊತ್ತಾಗುತ್ತಿತ್ತು. ನೀರಿನ ಕೊಡದ ಮೇಲೆ ಮುಚ್ಚುವ ತಾಟು ಬದಲಾದರೆ ಗೊತ್ತಾಗುತ್ತಿತ್ತು. ಮನೆಗೆ ಬಂದು ಒಲೆ ಮುಂದೆ ಕುಳಿತು ಅವನ್ನೆಲ್ಲ ಮನಸ್ಸಿನಲ್ಲಿ ಮತ್ತೆ ಜೋಡಿಸುತ್ತಿದ್ದೆ. ನಮ್ಮ ಮನೆಯಲ್ಲಿ ಹಂಡೆ ಇತ್ತು, ಕೊಪ್ಪರಿಗೆ ಇತ್ತು. ಅವುಗಳ ಕಡೆ ತಿರುಗಿ ನೋಡಿದ್ದು ನೆನಪಿಲ್ಲ. ಹಿತ್ತಾಳೆಯ ಗಂಗಾಳದಲ್ಲಿ ಜೋಳದ ಹಿಟ್ಟು ಸಾಣಿಸಿಡುತ್ತಿದ್ದೆವು, ಅಷ್ಟೇ.

ಹೋದ ವರ್ಷ ಮಹಾನವಮಿಯ ಮುಂದೆ ಊರಿಗೆ ಊರೇ ಮನೆ ತೊಳೆಯಲು ನಿಂತಿತ್ತು. ನಮ್ಮಲ್ಲಿ ಆ ಹಬ್ಬಕ್ಕೆ ಮನೆಯೊಳಗಿನ ಒಂದು ಚಮಚವನ್ನೂ ಬಿಡುವುದಿಲ್ಲ. ಹಾಸಿಗೆ, ಕೌದಿ, ಭಾಂಡೆ ಎಲ್ಲ ಗಾಡಿಗೆ ಹೇರಿ ಕಾಲುವೆಗೆ ಒಯ್ದು ತೊಳೆದು, ಗೋಡೆಗೆ ಸುಣ್ಣ ಹಚ್ಚಿ, ಆಮೇಲೆ ಮತ್ತೆ ಒಳಗಿಡುವುದು. ಯಂಕವ್ವ ಆಗ ಊರಲ್ಲಿರಲಿಲ್ಲ. ಕುಷ್ಟಗಿಗೆ ಮಗಳ ಕೂಸಿನ ತೊಟ್ಟಿಲಿಗೆ ಹೋಗಿದ್ದಳು. ಆಕೆಯ ಸೊಸೆ ರಂಜಿತಾ ಕನಕಗಿರಿಯ ಹುಡುಗಿ, ಚುರುಕು. ಅಮೃತಾಳ ಜೊತೆ ಕಾಲುವೆಗೆ ಹೋಗಿ ಎಲ್ಲವನ್ನೂ ತೊಳೆದು ತಂದಳು. ತಂದವಳು ಹಳೆಯ ಜಾಗದಲ್ಲಿ ಇಡಲಿಲ್ಲ. ಗಂಗಾವತಿಯಿಂದ ಹೊಸ ಸ್ಟ್ಯಾಂಡು ತರಿಸಿದಳು, ಒಂದೇ ಅಳತೆಯ ಹನ್ನೆರಡು ಪ್ಲಾಸ್ಟಿಕ್ ಡಬ್ಬಿ ತರಿಸಿದಳು. ಉಪ್ಪಿನ ಗಡಿಗೆ ಹಿತ್ತಲಿಗೆ ಹೋಯಿತು. ಪಡಸಾಲೆಯ ಹಲಗೆಯ ಮೇಲೆ ಸ್ಟೀಲಿನ ಲೋಟ, ತಾಟು ನಿಂತವು. ಕಂಚಿನ ಗಂಗಾಳ ಮಂಚದ ಕೆಳಗೆ ಹೋಯಿತು. ನಾನು ಕಟ್ಟೆಯ ಮೇಲೆ ಕುಳಿತು ನೋಡಿದೆ. ಹಲ್ಲು ಬಿದ್ದ ಬಾಯಿ ಹೇಗೋ ಹಾಗೆ ಕಂಡಿತು.

ಯಂಕವ್ವ ಬಂದ ಮರುದಿನ ಕೂಸಿನ ಸುದ್ದಿ ಕೇಳುವ ನೆಪದಲ್ಲಿ ಹೋದೆ. ಚಹಾ ತಾನೇ ಮಾಡುತ್ತೇನೆಂದು ಎದ್ದಳು. ಆಕೆಯ ಕೈ ಒಲೆಯ ಎಡಕ್ಕೆ, ಗೋಡೆಯ ಕಡೆಗೆ ನೆಟ್ಟಗೆ ಹೋಗಿ ಬರಿಗಾಳಿಯನ್ನು ಹಿಡಿಯಿತು. ಅಲ್ಲೇ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಕಲ್ಲನ್ನು ಸವರಿತು. ಸ್ಟ್ಯಾಂಡಿನ ಒಂದು ಡಬ್ಬಿ ತೆಗೆದು ಮೂಗಿಗೆ ಹಿಡಿದಳು, ಇಟ್ಟಳು. ಇನ್ನೊಂದನ್ನು ಅಲ್ಲಾಡಿಸಿದಳು. ಅದರಿಂದ ಎರಡು ಚಮಚ ಹಾಕಿದಳು.

ರಂಜಿತಾ ಒಂದು ಗುಟುಕು ಕುಡಿದು ಉಗುಳಿ ಬಂದಳು. ಅತ್ತೆ ಬೇಕಂತಲೇ ಉಪ್ಪು ಹಾಕುತ್ತಾರೆ, ತಾನು ಸಾಮಾನು ಬೇರೆ ಕಡೆ ಇಟ್ಟದ್ದಕ್ಕೆ ಸಿಟ್ಟು, ನಿನ್ನೆಯೂ ಹೀಗೇ ಸಾರಿಗೆ ಸಕ್ಕರೆ ಹಾಕಿದರು ಅಂತ ನನ್ನ ಮುಂದೆ ಕಣ್ಣೀರು ತೆಗೆದಳು. ಹೀಗೇ ಆದರೆ ಅತ್ತೆಯನ್ನು ಒಲೆಯ ಕಡೆ ಬಿಡಬೇಡ ಅಂತ ಗಂಡ ತಿರುಮಲೇಶ ಹೇಳಿದ್ದಾನಂತೆ. ಯಂಕವ್ವ ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದಳು. ನಾನು ಉಪ್ಪಿನ ಚಹಾ ಪೂರ್ತಿ ಕುಡಿದೆ.

ಆಕೆಗೆ ಕಣ್ಣು ಕಾಣುವುದಿಲ್ಲ ಎಂಬುದು ನನಗೆ ಆಗ ತಿಳಿಯಿತು. ಎಷ್ಟು ದಿನದಿಂದಲೋ. ಇಷ್ಟು ದಿನ ಕೆಲಸ ಮಾಡಿದ್ದು ಕಣ್ಣಲ್ಲ, ಕೈ. ಇಟ್ಟಲ್ಲೇ ಇಟ್ಟು, ತೆಗೆದಲ್ಲೇ ತೆಗೆದು ಆಕೆ ಮನೆಯವರನ್ನೆಲ್ಲ ನಂಬಿಸಿದ್ದಳು. ಆ ಮನೆಯ ಸೊಟ್ಟ ಮುಚ್ಚಳವನ್ನೂ ಬಲ್ಲ ನಾನು ಆಕೆಯ ಕಣ್ಣಿನ ಗುಡ್ಡೆಯ ಮೇಲೆ ಬೆಳ್ಳಗೆ ಕಟ್ಟಿದ್ದನ್ನು ನೋಡಿರಲಿಲ್ಲ. ಆಕೆಯನ್ನು ನಾನೆಲ್ಲಿ ನೋಡುತ್ತಿದ್ದೆ? ಆಕೆಯ ಹಿಂದಿನ ಗೋಡೆಯನ್ನು ನೋಡುತ್ತಿದ್ದೆ.

ಮರುಕ ಹುಟ್ಟಿತು ಅಂತ ಬರೆದರೆ ಸುಳ್ಳಾಗುತ್ತದೆ. ಮೊದಲು ಬಂದ ಯೋಚನೆ ಬೇರೆ. ಆ ಗಂಗಾಳ ಆಕೆಗೆ ಕಾಣುವುದೇ ಇಲ್ಲವಲ್ಲ ಅಂತ ಬಂತು.

ನಾಲ್ಕು ದಿನ ಬಿಟ್ಟು ರಂಜಿತಾ, ತಿರುಮಲೇಶ ಒಂದು ಸೀಮಂತಕ್ಕೆ ಕನಕಗಿರಿಗೆ ಹೋದರು. ಬಸ್ಸು ಹೋದ ಸಪ್ಪಳ ಅಡಗುವುದರೊಳಗೆ ಯಂಕವ್ವ ಅಂಗಳದಾಚೆಯಿಂದ ಕರೆದಳು. ಹೋದೆ. ಬಾಗಿಲು ಮುಂದೆ ಮಾಡು ಅಂದಳು. ಕದ ಎಳೆದು ಮುಚ್ಚಿದೆ.

“ಯಕ್ಕಾ, ಎಲ್ಲಾ ಮೊದಲು ಎಲ್ಲೆಲ್ಲಿ ಇದ್ದುವು, ಅಲ್ಲಲ್ಲೇ ಇಟ್ಟುಕೊಡು.”

ನನಗೇನು ಗೊತ್ತು ನಿನ್ನ ಮನೆಯ ಸಾಮಾನು ಅಂತ ನಾನು ದನಿ ಏರಿಸಿದೆ.

“ನೀ ಬಂದಾಗೆಲ್ಲ ಏನು ನೋಡತಿದ್ದಿ ಅಂತ ನನಗ ತಿಳಿಯಾಂಗಿಲ್ಲೇನು?” ಅಂದಳು. ದನಿಯಲ್ಲಿ ಚುಚ್ಚು ಇರಲಿಲ್ಲ. “ನೋಡಿದ್ದು ಛಲೋನ ಆತು. ಕಣ್ಣು ಹೋಗ್ಯಾವ ಅಂತ ಗೊತ್ತಾದ್ರ ಒಲಿ ಮುಂದ ಕುಂಡ್ರಾಕ ಬಿಡಾಂಗಿಲ್ಲ ಇವರು. ಮೂಲಿಗೆ ಹಾಕ್ತಾರ. ಯಾರಿಗೂ ಹೇಳಬ್ಯಾಡ.”

ಭೂಮಿ ಬಿರಿದು ಒಳಗೆ ಕರೆದುಕೊಂಡರೂ ಆದೀತು ಅನಿಸಿತು. ಇಷ್ಟು ವರ್ಷ ನಾನು ಕದ್ದು ನೋಡುತ್ತಿದ್ದೇನೆ ಅಂದುಕೊಂಡದ್ದು ಆಕೆಯ ಕಣ್ಣೆದುರಿಗೇ ನಡೆದಿತ್ತು. ಕೆಲಸಕ್ಕೆ ನಿಂತೆ.

ಹಿತ್ತಲಿಂದ ಉಪ್ಪಿನ ಗಡಿಗೆ ತಂದು ಒಲೆಯ ಎಡಕ್ಕೆ ಇಟ್ಟೆ. ಖಾರದ ಡಬ್ಬಿ, ಎಣ್ಣೆಯ ಗಿಂಡಿ, ಚಹಾಪುಡಿ. ಸಕ್ಕರೆಗೆ ಆ ಸೊಟ್ಟ ಮುಚ್ಚಳವನ್ನೇ ಹುಡುಕಿ ಮುಚ್ಚಿದೆ. ಒಂದೊಂದು ಇಟ್ಟ ಹಾಗೆ ಆಕೆ ಕೈಚಾಚಿ ಮುಟ್ಟುತ್ತಿದ್ದಳು. ಕೈ ನೆಟ್ಟಗೆ ಹೋಗಿ ಅದರ ಮೇಲೇ ಕೂಡುತ್ತಿತ್ತು. ಆಕೆಯ ಮುಖ ಅರಳುತ್ತಿತ್ತು. ಒಂದೇ ಒಂದು ತಪ್ಪಿದೆ, ಒಣಮೆಣಸಿನಕಾಯಿಯ ಬುಟ್ಟಿ. ಅದು ಎಲ್ಲಿತ್ತೋ ನೆನಪಿಗೆ ಬರಲೇ ಇಲ್ಲ. ಯಂಕವ್ವ ನಕ್ಕಳು. ಅದು ಕದದ ಹಿಂದೆ ಇತ್ತು, ನೀನು ಕೂಡುವ ಜಾಗದಿಂದ ಕಾಣುವುದಿಲ್ಲ ಅಂದಳು. ನಾನೂ ನಗಬೇಕಾಯಿತು.

ಕೊನೆಗೆ ಹಲಗೆಯ ಪಾಳಿ. ಮಂಚದ ಕೆಳಗೆ ಬಗ್ಗಿ ಗಂಗಾಳ ಎಳೆದೆ. ಬೇರೆಯಾದ ದಿನದಿಂದ ಅದು ನನ್ನ ಕೈಗೆ ಬಂದದ್ದು ಅದೇ ಮೊದಲು. ಅಷ್ಟು ಭಾರ ಅಂತ ಮರೆತೇ ಹೋಗಿತ್ತು. ಬಳ್ಳಿ ಸವೆದ ಜಾಗಕ್ಕೆ ಹೆಬ್ಬೆರಳು ತಾನೇ ಹೋಯಿತು. ಅತ್ತೆಯ ಕೈ ಅಲ್ಲಿ ಹಿಡಿದು ಹಿಡಿದು ಸವೆದದ್ದು ಅದು.

ಇದು ಕಪ್ಪಾಗಿದೆ, ಹುಣಸೆಹಣ್ಣು ಹಚ್ಚಿ ತಿಕ್ಕಿ ತರುತ್ತೇನೆ ಅಂದೆ. ತಾ ಅಂದಳು. ಸೆರಗಿನೊಳಗೆ ಇಟ್ಟುಕೊಂಡು ಅಂಗಳ ದಾಟಿದೆ. ನಮ್ಮ ಹಿತ್ತಾಳೆಯ ಗಂಗಾಳದ ಹಿಟ್ಟು ತೆಗೆದು, ತೊಳೆದು, ತಿಕ್ಕಿ, ಅದನ್ನು ಒಯ್ದೆ. ಹೆಚ್ಚು ಕಡಿಮೆ ಅದೇ ಅಗಲ. ಅಂಚಿಗೆ ಬಳ್ಳಿ ಇಲ್ಲ, ಒಂದು ಕಡೆ ನೆಗ್ಗಿ ತೆಗ್ಗು ಬಿದ್ದಿದೆ. ಬಣ್ಣ ಹಳದಿ. ಕಣ್ಣಿದ್ದವರು ಹತ್ತು ಮಾರಿನಿಂದ ಹೇಳಬಹುದು ಅದು ಬೇರೆ ಅಂತ. ಮುಟ್ಟಿ ನೋಡುತ್ತಾಳೇನೋ ಅಂತ ಒಂದು ಹೆಜ್ಜೆ ದೂರವೇ ನಿಂತೆ. ಹಲಗಿ ಮ್ಯಾಲ ನಿಲ್ಲಿಸಿಬಿಡು ಯಕ್ಕಾ, ದಣದಿ, ಅಂದಳು. ನಿಲ್ಲಿಸಿದೆ. ತೆಗ್ಗು ಕೆಳಗೆ ಬರುವ ಹಾಗೆ ತಿರುಗಿಸಿದೆ.

ರಂಜಿತಾ ಬಂದು ಮನೆ ನೋಡಿ ಮುಖ ಊದಿಸಿದಳು. ಅವ್ವನಿಗೆ ಹೇಗೆ ಬೇಕೋ ಹಾಗಿರಲಿ ಬಿಡು ಅಂತ ತಿರುಮಲೇಶ ಅಂದ. ಅಂದಿನಿಂದ ಯಂಕವ್ವನ ಚಹಾಕ್ಕೆ ಉಪ್ಪು ಬೀಳಲಿಲ್ಲ. ಈ ವಯಸ್ಸಿನಲ್ಲೂ ಯಂಕವ್ವನ ಕೈ ಎಷ್ಟು ಹದ, ನೋಡದೆ ತೆಗೆಯುತ್ತಾಳೆ, ನೋಡದೆ ಹಾಕುತ್ತಾಳೆ ಅಂತ ಓಣಿಯ ಹೆಂಗಸರು ಹೊಗಳಿದರು. ಜೋಡಿಸಿದವಳು ನಾನು, ಹೊಗಳಿಕೆ ಆಕೆಗೆ. ಅದನ್ನೂ ನುಂಗಿದೆ. ನನ್ನ ಟ್ರಂಕಿನಲ್ಲಿ, ಸೀರೆಗಳ ಕೆಳಗೆ ಗಂಗಾಳ ಇತ್ತಲ್ಲ.

ಆದರೆ ಟ್ರಂಕಿನಲ್ಲಿಟ್ಟ ಗಂಗಾಳ ಇದ್ದೂ ಇಲ್ಲದ ಹಾಗೆ. ಮೊದಲ ವಾರ ಹೆದರಿಕೆ. ಈಗ ಯಾರಾದರೂ ಹಲಗೆಯ ಕಡೆ ಬೆರಳು ಮಾಡುತ್ತಾರೆ, ಈಗ ಕೂಗುತ್ತಾರೆ ಅಂತ. ಯಾರೂ ಮಾಡಲಿಲ್ಲ. ತಿರುಮಲೇಶ ದಿನಾ ಅದಕ್ಕೆ ಎದುರಾಗಿಯೇ ಉಣ್ಣಲು ಕೂಡುತ್ತಾನೆ. ರಂಜಿತಾ ಶುಕ್ರವಾರಕ್ಕೊಮ್ಮೆ ಕೆಳಗಿಳಿಸಿ, ಒರೆಸಿ, ಮತ್ತೆ ಇಡುತ್ತಾಳೆ. ಕಂಚು ಹೋಗಿ ಹಿತ್ತಾಳೆ ಬಂದಿದೆ, ಬಳ್ಳಿ ಹೋಗಿ ತೆಗ್ಗು ಬಂದಿದೆ, ಇಬ್ಬರಿಗೂ ಕಣ್ಣು ಚೆನ್ನಾಗಿವೆ, ಕಾಣಲಿಲ್ಲ. ಎರಡನೆಯ ವಾರದಿಂದ ನನ್ನ ಹೆದರಿಕೆ ಸಿಟ್ಟಾಗತೊಡಗಿತು. ಇಷ್ಟು ಬೆಲೆ ಇಲ್ಲದ ಕಣ್ಣುಗಳ ಮುಂದೆ ಅದು ಮೂವತ್ತೆಂಟು ವರ್ಷ ನಿಂತಿತ್ತಲ್ಲ ಅಂತ. ಗಂಗಾಳವನ್ನು ಟ್ರಂಕಿನಿಂದ ತೆಗೆದೆ. ಮಧ್ಯಾಹ್ನ ಎಲ್ಲರೂ ಹೊಲಕ್ಕೆ ಹೋದ ಮೇಲೆ ಒಬ್ಬಳೇ ಅದರಲ್ಲಿ ಉಣ್ಣತೊಡಗಿದೆ. ರೊಟ್ಟಿ ಮುರಿದು ಹಾಕಿಕೊಂಡು, ಮೇಲೆ ಬೇಳೆ ಸುರಿದುಕೊಂಡು. ಅಮೃತಾ ಒಮ್ಮೆ ನೋಡಿದಳು, ಅದು ಯಾವುದು ಎಂದೂ ಕೇಳಲಿಲ್ಲ.

ಭತ್ತ ಕೊಯ್ಯುವ ಮಷಿನ್ನು ಊರಿಗೆ ಬಂದ ದಿನಗಳಲ್ಲಿ ಗಂಗಾವತಿಯಿಂದ ಕಣ್ಣು ನೋಡುವವರು ಬಂದು ಪಂಚಾಯಿತಿಯ ಮುಂದೆ ಕುಳಿತರು. ಅತ್ತೆಗೆ ಒಂದು ಚಾಳೀಸು ಕನ್ನಡಕ ಬರೆಸಿದರಾಯಿತು ಅಂತ ರಂಜಿತಾ ಯಂಕವ್ವನನ್ನು ಒತ್ತಾಯದಿಂದ ಕರೆದೊಯ್ದಳು. ಎರಡೂ ಕಣ್ಣಿಗೆ ಪೊರೆ ಬಂದಿದೆ, ಈಕೆಗೆ ಎದುರಿಗಿದ್ದವರ ಮುಖವೂ ಕಾಣುತ್ತಿರಲಿಕ್ಕಿಲ್ಲ, ಇಷ್ಟು ದಿನ ನೀವೇನು ಮಾಡುತ್ತಿದ್ದಿರಿ ಅಂತ ಡಾಕ್ಟರರು ಕೇಳಿದರಂತೆ. ರಂಜಿತಾ ಅಲ್ಲೇ ಕುಳಿತು ಅತ್ತಳಂತೆ. ಉಪ್ಪಿನ ಚಹಾದ ಮಾತು ಆಕೆಗೆ ಈಗ ತಿಳಿದಿತ್ತು. ಅತ್ತೆಯ ಕೈ ಹಿಡಿದು ಮನೆತನಕ ನಡೆಸಿಕೊಂಡು ಬಂದಳು. ಆಪರೇಶನ್ನಿಗೂ ಆಕೆಯೇ ಜೊತೆಗೆ ಹೋದಳು. ಅಂಗಳದಲ್ಲಿ ಆ ಇಬ್ಬರ ಕೈ ಒಂದರೊಳಗೊಂದು ಇದ್ದದ್ದನ್ನು ನೋಡಿ, ಈ ಸೊಸೆಯನ್ನೂ ಆಕೆಯ ರಾಶಿಗೇ ಹಾಕಿದರಲ್ಲ ದೇವರು ಅನಿಸಿತು.

ಅದಕ್ಕಿಂತ ಹೆಚ್ಚಾಗಿ ನನ್ನ ಜೀವ ಹಾರಿತು. ಈಗ ಆಕೆಗೆ ಕಾಣುತ್ತದೆ. ಪಡಸಾಲೆಗೆ ಕಾಲಿಟ್ಟ ಕೂಡಲೇ ಹಲಗೆ ಕಾಣುತ್ತದೆ. ನನ್ನ ಹೆಸರು ಹೇಳಿ, ಮುದುಕವ್ವ ಕುರುಡಿಯ ಮನೆಯಲ್ಲಿ ಕಳವು ಮಾಡಿದಳು ಅಂತ ಊರೆಲ್ಲ ಸುದ್ದಿಯಾಗುತ್ತದೆ. ಆಪರೇಶನ್ ಆದ ಮೇಲೆ ಮೊದಲ ಮೂರು ದಿನ ಆಕೆಯನ್ನು ಕಣ್ಣು ಕಟ್ಟಿ ಮನೆಯ ಕತ್ತಲೆಯ ಕೋಣೆಯಲ್ಲಿ ಮಲಗಿಸಿದ್ದರು. ಆ ಮೂರು ದಿನದಲ್ಲಿ ಗಂಗಾಳಗಳನ್ನು ಮತ್ತೆ ಅದಲು ಬದಲು ಮಾಡಬಹುದಿತ್ತು. ನೋಡಲು ಹೋದಾಗ ಎರಡು ಸಲ ಸೆರಗಿನೊಳಗೆ ಒಯ್ದೆ ಕೂಡ. ಎರಡು ಸಲವೂ ಹಾಗೇ ತಂದೆ. ಕೈ ಬಿಡಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ನಾನು ಉಣ್ಣುತ್ತಿದ್ದೆ. ಬಾಗಿಲಲ್ಲಿ ನೆರಳು ಬಿತ್ತು. ಯಂಕವ್ವ. ಕರೀ ಕನ್ನಡಕ, ಯಾರ ಕೈಯನ್ನೂ ಹಿಡಿದಿರಲಿಲ್ಲ. ಕಣ್ಣು ಬಂದ ಮೇಲೆ ಹೊರಗೆ ಬಂದದ್ದು ಮೊದಲು ನಮ್ಮ ಮನೆಗೇ. ನನ್ನ ಕೈಯ ತುತ್ತು ಅಲ್ಲೇ ನಿಂತಿತು. ಮುಂದೆ ಗಂಗಾಳ.

ಆಕೆ ಕನ್ನಡಕ ಮೇಲಕ್ಕೆತ್ತಿ ಮನೆಯನ್ನು ನೋಡಿದಳು. ನಿಧಾನಕ್ಕೆ, ಒಂದೊಂದೇ. ಹಂಡೆಯನ್ನು ಬಚ್ಚಲದಿಂದ ಯಾವಾಗ ಹೊರಗೆ ಹಾಕಿದಿರಿ ಅಂದಳು. ಕೊಪ್ಪರಿಗೆಗೆ ಒಂದು ಕಡೆಯ ಕಿವಿ ಹೋಗಿದೆಯಲ್ಲ, ಮೊದಲು ಎರಡೂ ಇದ್ದವು ಅಂದಳು. ಮೊರ ತೂಗುಹಾಕುವ ಮೊಳೆಯ ಮೇಲೆ ಕ್ಯಾಲೆಂಡರು ಬಂದಿದೆ ಅಂದಳು. ಆ ಮೊಳೆಗೆ ಮೊರ ತೂಗುತ್ತಿದ್ದುದು ನನಗೇ ಮರೆತಿತ್ತು. ಮಾತು ಮಾತಿಗೂ ನಾನು ಒಳಗೇ ಕುಗ್ಗುತ್ತಿದ್ದೆ.

“ನಿನ್ನ ಹಿತ್ತಾಳಿ ಗಂಗಾಳ ಎಲ್ಲಿ, ಯಕ್ಕಾ? ಹಿಟ್ಟು ಹಾಕಿ ಇಲ್ಲೇ ಇಡತಿದ್ದಿಯಲ್ಲ, ಬೀಸುಕಲ್ಲಿನ ಬಾಜೂಕ.” ಬಗ್ಗಿ ನನ್ನ ಮುಂದಿನದನ್ನು ನೋಡಿದಳು. “ಇದು ಹೊಸಾದು ತಗೊಂಡಿ? ಭಾಳ ಛಲೋ ಐತಿ. ಛಲೋ ಛಲೋವೆಲ್ಲ ನಿಮ್ಮ ಮನಿಗೇ ಬರ್ತಾವ ನೋಡು.”

ಹಾಸ್ಯಕ್ಕೆ ಅನ್ನುತ್ತಿದ್ದಾಳೇನೋ ಅಂತ ಮುಖ ನೋಡಿದೆ. ಅಲ್ಲ. ಆ ದನಿ ನನಗೆ ಗುರುತಿತ್ತು. ಆಕೆಯ ಬಾಯಿಂದ ಬಂದದ್ದು ನನ್ನದೇ ದನಿ.

ಉಳಿದೆ ಅನಿಸಬೇಕಿತ್ತು. ಅನಿಸಲಿಲ್ಲ, ಮೈ ಉರಿಯಿತು. ಯಾವುದಕ್ಕಾಗಿ ನಾನು ಒಂದು ಆಯುಷ್ಯ ಸುಟ್ಟುಕೊಂಡೆನೋ ಅದನ್ನು ಕಣ್ಣೆದುರಿಗೆ ಇಟ್ಟರೂ ಈಕೆಗೆ ಗುರುತಿಲ್ಲ. ಎಂಜಲುಗೈಯಲ್ಲೇ ಎದ್ದೆ.

“ಇದು ನಿಂದು,” ಅಂದೆ.

“ನಂದು ನಮ್ಮ ಹಲಗಿ ಮ್ಯಾಲ ಐತಲ್ಲ. ಮುಂಜಾನಿ ನೋಡೀನಿ.”

ಉಂಡದ್ದನ್ನು ಚೆಲ್ಲಿ, ಗಂಗಾಳ ತೊಳೆದು, ಆಕೆಯ ಮುಂಗೈ ಹಿಡಿದು ಅಂಗಳ ದಾಟಿಸಿದೆ. ಆಕೆಯ ಪಡಸಾಲೆಯಲ್ಲಿ ರಂಜಿತಾ ಅಕ್ಕಿ ಆರಿಸುತ್ತಿದ್ದಳು. ನಾನು ಹಲಗೆಯ ಮೇಲಿಂದ ಹಿತ್ತಾಳೆಯದನ್ನು ಇಳಿಸಿ, ಎರಡನ್ನೂ ಬಾಗಿಲ ಬಿಸಿಲಿಗೆ ಇಟ್ಟೆ. ಯಂಕವ್ವ ಕುಕ್ಕರಗಾಲಲ್ಲಿ ಕುಳಿತಳು. ಕಂಚಿನದನ್ನು ಮುಟ್ಟಲಿಲ್ಲ. ಹಿತ್ತಾಳೆಯದನ್ನು ಎತ್ತಿ, ತಿರುಗಿಸಿ, ತೆಗ್ಗಿನ ಮೇಲೆ ಬೆರಳಿಟ್ಟಳು.

ಇದು ನಿನ್ನದು ಅಂದಳು. ನಾವು ಬೇರೆಯಾಗುವ ಹಿಂದಿನ ವರ್ಷ, ಅತ್ತೆಯ ಕೈಯಿಂದ ಒರಳಿನ ಮೇಲೆ ಬಿದ್ದದ್ದು, ಅವತ್ತು ಪಂಚಮಿ, ನೀನು ಹಸಿರು ಸೀರೆ ಉಟ್ಟಿದ್ದಿ ಅಂದಳು. ನನ್ನ ಮನೆಯಲ್ಲಿ ಜೋಳದ ಹಿಟ್ಟು ಹಿಡಿದುಕೊಂಡು ಕುಳಿತಿದ್ದ ಗಂಗಾಳದ ತೆಗ್ಗಿಗೆ ಆಕೆಯ ಬಳಿ ದಿನ, ಹಬ್ಬ, ಸೀರೆಯ ಬಣ್ಣ ಎಲ್ಲ ಇತ್ತು. ಬೆಳಿಗ್ಗೆಯಿಂದ ಅದು ಆಕೆಯ ತಲೆಯ ಮೇಲೇ ನಿಂತಿತ್ತು, ತನ್ನ ಹಲಗೆಯಲ್ಲವೇ ಅಂತ ನಿಟ್ಟಿಸಿ ನೋಡಿರಲಿಲ್ಲ.

ಆಮೇಲೆ ಆಕೆಗೆ ಅರ್ಥವಾಯಿತು, ಅಂದರೆ ಆಕೆಯ ರೀತಿಯಲ್ಲಿ ಅರ್ಥವಾಯಿತು. ಸೊಸೆಯ ಕಡೆ ತಿರುಗಿದಳು. ಕಾಲುವೆಯಲ್ಲಿ ಎರಡು ಮನೆಯ ಭಾಂಡೆ ಕೂಡಿಸಿ ತೊಳೆದಿರಿ, ಯಾವುದು ಯಾರದು ನೋಡದೆ ತಂದಿರಿ, ಎರಡು ಕಣ್ಣು ಇದ್ದು ಏನು ಮಾಡಿದಿ, ದ್ಯಾಸ ಎಲ್ಲಿತ್ತು ಅಂತ ಬಯ್ಯಲು ನಿಂತಳು. ರಂಜಿತಾ ಎದ್ದು ನಿಂತು ಎರಡೂ ಗಂಗಾಳ ನೋಡಿದಳು. ಆಕೆಗೆ ನೆನಪಿರಲಿಲ್ಲ. ಆಗಿರಬಹುದು ಅತ್ತಿ, ತಪ್ಪಾತು ಅಂದಳು. ಒಂದು ವಾರದ ಹಿಂದೆ ಕೈ ಕೈ ಹಿಡಿದು ಬಂದವರು.

ನಾನು ಸುಮ್ಮನಿದ್ದರೆ ಮುಗಿಯುತ್ತಿತ್ತು. ಅದಲು ಬದಲಾಗಿತ್ತು, ಸರಿಹೋಯಿತು, ಊರಿಗೆ ಇಷ್ಟೇ. ಸುಮ್ಮನಿರಲು ನೋಡಿದೆ ಕೂಡ. ಆ ಹುಡುಗಿ ತಾನು ಮಾಡದ ತಪ್ಪನ್ನು ನೆನಪು ಮಾಡಿಕೊಳ್ಳಲು ಹಣೆ ಗಂಟು ಹಾಕಿ ನಿಂತಿದ್ದಳು.

“ರಂಜಿತಾ ಅಲ್ಲ. ನಿನ್ನ ಮನಿ ಜೋಡಿಸಿಕೊಟ್ಟ ದಿನ ನಾ ಒಯ್ದೆ. ತಿಕ್ಕಿ ತರ್ತೀನಿ ಅಂದು ನಂದು ತಂದಿಟ್ಟೆ.”

ರಂಜಿತಾ ಮೊರ ಎತ್ತಿಕೊಂಡು ಒಳಗೆ ಹೋದಳು. ಹೋದದ್ದು ಒಳ್ಳೆಯದಾಯಿತು. ಯಂಕವ್ವ ಕಣ್ಣು ಒರೆಸಿಕೊಳ್ಳಲು ಕೈ ಎತ್ತಿ, ಮುಟ್ಟಬಾರದೆಂದು ಡಾಕ್ಟರರು ಹೇಳಿದ್ದು ನೆನಪಾಗಿ ಕೈ ಇಳಿಸಿದಳು.

“ಕೇಳಿದ್ರ ಕೊಡತಿದ್ದೆ,” ಅಂದಳು.

“ಕೇಳಾಕ ಬಾಯಿ ಬರಲಿಲ್ಲ.”

“ಮುಟ್ಟಿ ನೋಡಲಿಲ್ಲ ನಾನು ಅವತ್ತು. ನೀ ತಂದೀ ಅಂತ.” ಅದು ನನಗೆ ತಾಗಿತು. ತಾಗಿದ್ದು ಆಕೆಗೂ ಗೊತ್ತಾಯಿತೇನೋ, ಬೇರೆ ದನಿಯಲ್ಲಿ ಹೇಳಿದಳು. “ಅವತ್ತು ಅಂಗಳದಾಗ ಮೊದಲು ಆರಿಸಿಕೊಂಡಾಕಿ ನೀನು. ಉಳಿದದ್ದು ನನಗ ಬಂತು. ಉಳಿದದ್ದನ್ನ ಯಾರು ನೋಡ್ತಾರ ಯಕ್ಕಾ? ಹಲಗಿ ಮ್ಯಾಲ ಎತ್ತಿಟ್ಟೆ, ಆತು. ನನ್ನ ಕಣ್ಣು ನೀ ಒಯ್ದ ರಾಶಿ ಹಿಂದ ಹೋದುವು. ಮೊಸರಿಗೆ ನೀ ನಮ್ಮ ಮನಿಗೆ ಬರತಿದ್ದಿ. ನಾ ಮಜ್ಜಿಗಿಗೆ ಯಾಕ ಬರತಿದ್ದೆ ಅಂದುಕೊಂಡಿದ್ದಿ?”

ಆಕೆ ಮಜ್ಜಿಗೆಗೆ ಬರುತ್ತಿದ್ದದ್ದು ನಿಜ. ಬಂದಾಗ ಏನು ನೋಡುತ್ತಿದ್ದಳು ಅಂತ ನಾನು ಒಂದು ದಿನವೂ ನೋಡಿರಲಿಲ್ಲ.

ನಾನು ಕಂಚಿನದನ್ನು ಆಕೆಯ ಕಡೆ ಸರಿಸಿ, ಹಿತ್ತಾಳೆಯದಕ್ಕೆ ಕೈ ಹಾಕಿದೆ. ಆಕೆ ಹಿತ್ತಾಳೆಯದನ್ನು ಬಿಡಲಿಲ್ಲ. ತೊಡೆಯ ಮೇಲೆ ಇಟ್ಟುಕೊಂಡು ಎರಡೂ ಕೈಯಲ್ಲಿ ಹಿಡಿದಿದ್ದಳು.

“ಇದು ಇಲ್ಲೇ ಇರಲಿ. ಅದನ್ನ ನೀ ಒಯ್ಯಿ. ಈ ಸಲ ಸೆರಗಿನಾಗ ಮುಚ್ಚಬ್ಯಾಡ.”

ಮುಚ್ಚಲಿಲ್ಲ. ಹಾಡುಹಗಲಲ್ಲಿ, ಎರಡೂ ಕೈಯಲ್ಲಿ ಎದೆಗೆ ಹಿಡಿದು ಅಂಗಳ ದಾಟಿದೆ. ನಮ್ಮ ಪಡಸಾಲೆಯ ಗೋಡೆಯೊಳಗಿನ ಮಾಡದಲ್ಲಿ, ಬಾಗಿಲಿಗೆ ಎದುರಾಗಿ ನಿಲ್ಲಿಸಿದೆ. ಅಮೃತಾ ಬಂದು ಇದ್ಯಾವುದ್ರಿ ಅತ್ತಿ ಅಂತ ಕೊನೆಗೂ ಕೇಳಿದಳು. ನಮ್ಮ ಅತ್ತೆಯ ಗಂಗಾಳ, ಯಂಕವ್ವ ಕೊಟ್ಟಳು ಅಂದೆ. ಮೊದಲ ಕೆಲವು ದಿನ ಹೋಗುತ್ತ ಬರುತ್ತ ಅದರ ಮುಂದೆ ನಿಂತೆ. ಬಳ್ಳಿಯ ಮೇಲೆ ಬೆರಳಾಡಿಸಿದೆ. ಆಮೇಲೆ ಭತ್ತ ಮನೆಗೆ ಬಂತು, ಕೆಲಸ ಮೈಮೇಲೆ ಬಿತ್ತು.

ಮೊನ್ನೆ ಬೆಳಿಗ್ಗೆ ಕಟ್ಟೆಯ ಮೇಲೆ ಕುಳಿತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದೆ. ಯಂಕವ್ವ ಕನ್ನಡಕವಿಲ್ಲದೆ ಅಂಗಳಕ್ಕೆ ಬಂದು ಆ ಹಿತ್ತಾಳೆಯ ಗಂಗಾಳವನ್ನು ಬೂದಿ ಹಾಕಿ ತಿಕ್ಕಿದಳು. ತೊಳೆದಳು, ಸೀರೆಯ ಚುಂಗಿನಿಂದ ಒರೆಸಿದಳು. ತೆಗ್ಗು ಮೇಲಕ್ಕೆ, ಎಲ್ಲರಿಗೂ ಕಾಣುವ ಹಾಗೆ ತಿರುಗಿಸಿ ಹಲಗೆಯ ಮೇಲೆ ನಿಲ್ಲಿಸಿದಳು. ಎಂಟರ ಬಿಸಿಲು ಹೊಸ್ತಿಲು ದಾಟಿತು. ಕೈಯೊಳಗಿನ ಹುಣಸೆಹಣ್ಣು ಬಿಟ್ಟು ನೋಡುತ್ತ ಕುಳಿತೆ. ನಮ್ಮ ಮನೆಯಲ್ಲಿದ್ದಾಗ ಅದು ಒಂದು ದಿನವೂ ಹಾಗೆ ಹೊಳೆದದ್ದಿಲ್ಲ.